ಚೌಕ ಕಂಬಗಳ ಮೇಲೆ ಹೊರಿಸಿದ ತಪ್ಪು

ಫ್ರಾನ್ಸಿನ ಸೇಂತ್-ಎತಿಯೆನ್ ಫುಟ್‌ಬಾಲ್ ಕ್ಲಬ್ಬಿನ ಅವನತಿಗೆ 1976ರ ಯುರೋಪಿಯನ್ ಕಪ್ ಫೈನಲ್‌ನ ಚೌಕ ಗೋಲುಕಂಬಗಳೇ ಕಾರಣವೆಂದು ವಾದಿಸಿ ಇತ್ತೀಚೆಗೆ ಪ್ರಕಟವಾದ ಲೇಖನವು ಅಭಿಮಾನಿಗಳ ಅಳಲನ್ನೇ ಇತಿಹಾಸವೆಂದು ಬಗೆದಿದೆ. ಆ ಫೈನಲ್ ನಡೆದ ಗ್ಲಾಸ್ಗೋದ ಹ್ಯಾಂಪ್ಡನ್ ಪಾರ್ಕಿನಲ್ಲಿ ಕ್ಲಬ್ಬಿನ ಆಟಗಾರರಾದ ಡೊಮಿನಿಕ್ ಬಾತೆನೆಯ ಹೊಡೆತವೂ ಜಾಕ್ ಸಾಂತಿನಿ ತಲೆಯಿಂದ ಹೊಡೆದ ಚೆಂಡೂ ಗೋಲಿನ ಅಡ್ಡಪಟ್ಟಿಗೆ ಬಡಿದು ಹಿಂದಿರುಗಿದ್ದು ನಿಜವಾದರೂ, ಪಟ್ಟಿ ದುಂಡಗಿದ್ದರೆ ಚೆಂಡು ಒಳಗೇ ಬೀಳುತ್ತಿತ್ತೆಂಬುದು ಬರಿಯ ಊಹೆ. ಅದೇ ಚೌಕ ಕಂಬಗಳ ನಡುವೆಯೇ ಎದುರಾಳಿ ಬಯರ್ನ್ ಮ್ಯೂನಿಕ್‌ನ ಫ್ರಾಂಜ್ ರೋಟ್ ಫ್ರೀ ಕಿಕ್‌ನಿಂದ ಪಂದ್ಯದ ಏಕೈಕ ಗೋಲು ಹೊಡೆದನು. ಗಾಯಗೊಂಡಿದ್ದ ಸೇಂತ್-ಎತಿಯೆನ್ ಆಟಗಾರ ಡೊಮಿನಿಕ್ ರೋಶ್ತೊ ಕೊನೆಯ ಕೆಲವು ನಿಮಿಷಗಳಿಗಷ್ಟೇ ಕಣಕ್ಕಿಳಿದದ್ದನ್ನು ಲೇಖನವು ಗಣನೆಗೇ ತೆಗೆದುಕೊಂಡಿಲ್ಲ. 2013ರಲ್ಲಿ ಕ್ಲಬ್ಬೇ ಆ ಕಂಬಗಳನ್ನು ಹಣಕೊಟ್ಟು ಕೊಂಡು ತನ್ನ ವಸ್ತುಸಂಗ್ರಹಾಲಯಕ್ಕೆ ತಂದಿತೆಂಬುದು ಸೋಲನ್ನು ಮೆರೆಸುವ ಹುಕಿಗೆ ಸಾಕ್ಷಿಯೇ ಹೊರತು ಅವನತಿಗೆ ಪುರಾವೆಯಲ್ಲ.

ಕಾಸಿನೋ ಎಂಬ ದಿನಸಿ ಮಳಿಗೆಗಳ ಕಂಪನಿಯ ನೌಕರರ ಕ್ರೀಡಾಸಂಘವಾಗಿ ಹುಟ್ಟಿ, ಆ ಕಂಪನಿಯ ಹಸಿರನ್ನೇ ತೊಟ್ಟ ಈ ಕ್ಲಬ್ಬು, ಫೈನಲ್ ಸೋತ ಐದು ವರ್ಷಗಳ ನಂತರ, 1981ರಲ್ಲಿ, ಮಿಶೆಲ್ ಪ್ಲಾತಿನಿಯನ್ನು ಒಳಗೊಂಡ ತಂಡದೊಂದಿಗೆ ತನ್ನ ಹತ್ತನೆಯ ರಾಷ್ಟ್ರೀಯ ಲೀಗ್ ಪ್ರಶಸ್ತಿಯನ್ನು ಗೆದ್ದಿತು. ಪತನದ ಬೇರು ಇರುವುದು 1982ರಲ್ಲಿ ಬಯಲಾದ ರಹಸ್ಯ ನಿಧಿಯಲ್ಲಿ, ಎಂದರೆ ಲೆಕ್ಕಪುಸ್ತಕದಲ್ಲಿ ಕಾಣಿಸದೆ ಆಟಗಾರರಿಗೆ ಮೇಲುಸಂಬಳವಾಗಿ ಸಂದ ಹಣದಲ್ಲಿ. ಎರಡು ದಶಕಗಳ ಕಾಲ ಕ್ಲಬ್ಬನ್ನು ಆಳಿದ ಅಧ್ಯಕ್ಷ ರೋಜೆ ರೋಶೆ ಆ ವರ್ಷವೇ ಹುದ್ದೆ ತೊರೆಯಬೇಕಾಯಿತು, ಪ್ಲಾತಿನಿ ಇಟಲಿಯ ಯುವೆಂಟಸ್ ಸೇರಿದನು, 1984ರಲ್ಲಿ ತಂಡವು ಎರಡನೆಯ ದರ್ಜೆಗೆ ಕುಸಿಯಿತು.