ಆಡಿಟರ್ ಸಹಿ ಇದ್ರೆ ಸಾಕಾ?

ಪಿಎಂಸಿ ಬ್ಯಾಂಕ್ ನೆನಪಿದೆಯಾ? 2019ರ ಸೆಪ್ಟೆಂಬರ್‌ನಲ್ಲಿ ಆರ್‌ಬಿಐ ನಿರ್ಬಂಧ ಹಾಕಿದಾಗ ಠೇವಣಿದಾರರು ಮೊದಲಿಗೆ ತೆಗೀಬಹುದಾಗಿದ್ದದ್ದು ಬರೀ 1,000 ರೂಪಾಯಿ, ಅದೂ 6 ತಿಂಗಳಿಗೆ! ಎಚ್‌ಡಿಐಎಲ್ ಅನ್ನೋ ಒಂದೇ ಬಿಲ್ಡರ್ ಗುಂಪಿನ ಸಾಲ ಮುಚ್ಚಿಡೋಕೆ 21,000ಕ್ಕೂ ಹೆಚ್ಚು ನಕಲಿ ಖಾತೆ ತೋರಿಸಿದ್ರು ಅನ್ನೋದು ಪೊಲೀಸರ ಆರೋಪ.

ವರ್ಷವರ್ಷ ಆಡಿಟ್ ಆಗ್ತಿತ್ತು. ಆರ್‌ಬಿಐ ತಪಾಸಣೆಯೂ ಇತ್ತು. ಆದ್ರೂ ಹೀಗಾಯ್ತು.

ನನ್ನ ಪ್ರಕಾರ, ಸಹಿ ಬೀಳೋ ಮುಂಚೆ ಆಡಿಟರ್ ಮತ್ತು ಆರ್‌ಬಿಐ ವರ್ಷಕ್ಕೊಮ್ಮೆಯಾದ್ರೂ ಎದುರುಬದುರು ಕೂರಲೇಬೇಕು, ಬ್ಯಾಂಕ್ ಆಡಳಿತದವರಿಲ್ಲದೆ. ಒಬ್ಬರಿಗೆ ಲೆಕ್ಕದಲ್ಲಿ ಅನುಮಾನ, ಇನ್ನೊಬ್ಬರಿಗೆ ಸಾಲಗಾರನ ಮೇಲೆ ಅನುಮಾನ. ಎರಡೂ ಸೇರಿದ್ರೇನೇ ಪೂರ್ತಿ ಚಿತ್ರ. ಗೌಪ್ಯತೆ ಇರೋದು ಗ್ರಾಹಕರನ್ನ ಕಾಯೋಕೆ, ಕಳ್ಳಲೆಕ್ಕವನ್ನಲ್ಲ.

ಸಿಎ ಓದ್ತಿರೋ ಗೆಳೆಯರೇ, ನಾಳೆ ಆ ಸಹಿ ನಿಮ್ದೇ. ಏನಂತೀರಾ?

#ದುಡ್ಡಿನಮಾತು #ಬ್ಯಾಂಕ್ #ಕನ್ನಡ