ಮನೆ ಪಾಠಶಾಲೆಯೋ, ಪಾಠದ ಕೊನೆಯೋ?

2022ರ ಫೆಬ್ರವರಿ 5ರ ಸಮವಸ್ತ್ರ ಆದೇಶವೂ ಮಾರ್ಚ್ 15ರ ಹೈಕೋರ್ಟ್ ತೀರ್ಪೂ ನಮ್ಮ ಎಷ್ಟೋ ಹೆಣ್ಣುಮಕ್ಕಳನ್ನು ತರಗತಿಯ ಬಾಗಿಲಲ್ಲೇ ತಡೆದು ನಿಲ್ಲಿಸಿದವು. ಅದೇ ವರ್ಷದ ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ನೀಡಿದರು. ಆ ದಿನಗಳಿಂದ ನಮ್ಮ ಮೊಹಲ್ಲಾಗಳಲ್ಲಿ ಒಂದು ಮಾತು ಬಳಕೆಗೆ ಬಂದಿದೆ: "ಮಗಳನ್ನು ಮನೆಯಲ್ಲೇ ಓದಿಸುತ್ತಿದ್ದೇವೆ."

ಮನೆಯಲ್ಲಿ ಓದಿಸುವುದು ತಪ್ಪೆಂದು ನಾವು ಹೇಳುವುದಿಲ್ಲ. ಹ. ಆಯಿಶಾ(ರ)ರ ಪಾಠಶಾಲೆ ಮಸೀದಿಗೆ ಹೊಂದಿಕೊಂಡ ಅವರ ಕೋಣೆಯೇ ಆಗಿತ್ತು. ಎರಡು ಸಾವಿರಕ್ಕೂ ಹೆಚ್ಚು ಹದೀಸ್‌ಗಳು ಅವರಿಂದ ವರದಿಯಾಗಿವೆ; ಹಿರಿಯ ಸಹಾಬಿಗಳೂ ಸಂದೇಹ ಬಂದಾಗ ಅವರನ್ನು ಕೇಳುತ್ತಿದ್ದರು. ಅದು ನಿಜವಾದ ಮನೆಶಿಕ್ಷಣ. ನಮ್ಮ ಪ್ರಶ್ನೆ ಬೇರೆ: ಇಂದು ಆ ಹೆಸರು ಹೇಳುವ ಮನೆಗಳಲ್ಲಿ ಓದು ನಡೆಯುತ್ತಿದೆಯೇ?

ಗಣಿತವನ್ನು ಯಾರು ಕಲಿಸುತ್ತಾರೆ? ವಿಜ್ಞಾನದ ಪಾಠ ಎಷ್ಟು ಗಂಟೆಗೆ? ಪರೀಕ್ಷೆ ಯಾವ ತಿಂಗಳು? ಈ ಪ್ರಶ್ನೆಗಳಿಗೆ ಉತ್ತರವಿಲ್ಲದ ಮನೆಯಲ್ಲಿ ಮಗಳು ರೊಟ್ಟಿ ತಟ್ಟುತ್ತಾಳೆ, ತಮ್ಮನನ್ನು ಎತ್ತಿಕೊಳ್ಳುತ್ತಾಳೆ, ಸಂಬಂಧ ಕೇಳಿ ಬರುವವರಿಗಾಗಿ ಕಾಯುತ್ತಾಳೆ. ಅದೇ ಮನೆಯ ಮಗನಿಗೆ ಮಾತ್ರ ಸಂಜೆಯ ಟ್ಯೂಷನ್ ತಪ್ಪುವುದಿಲ್ಲ. ಇದನ್ನು ಮನೆಶಿಕ್ಷಣವೆನ್ನುವುದು ಓದು ಬಿಡಿಸಿದ್ದಕ್ಕೆ ಹೊದಿಸಿದ ಅಂದದ ಹೊದಿಕೆ.

ಹೊರಗಿನ ವಾತಾವರಣ ಕೆಟ್ಟಿದೆ ಎಂಬುದು ಹೆತ್ತವರ ವಾದ. ಅವರ ಭಯ ನಮಗೆ ಅರ್ಥವಾಗುತ್ತದೆ. ಆದರೆ ಕೆಟ್ಟ ವಾತಾವರಣದಿಂದ ಮಗಳನ್ನು ದೂರವಿಡುವುದು ಬೇರೆ, ವಿದ್ಯೆಯಿಂದಲೇ ದೂರವಿಡುವುದು ಬೇರೆ. ಪ್ರಥಮ ದಿವ್ಯವಾಣಿ ಓದಿನ ಆಜ್ಞೆಯಿಂದಲೇ ಆರಂಭವಾಯಿತು. ಆ ಆಜ್ಞೆ ಪುರುಷರಿಗೆ ಮಾತ್ರವೆಂದು ಯಾವ ವಿದ್ವಾಂಸರೂ ಹೇಳಿಲ್ಲ. ತಮಗಾಗಿ ಪ್ರತ್ಯೇಕ ದಿನವೊಂದನ್ನು ಗೊತ್ತುಪಡಿಸಬೇಕೆಂದು ಮದೀನಾದ ಸ್ತ್ರೀಯರು ಕೇಳಿಕೊಂಡಾಗ ಪ್ರವಾದಿ(ಸ)ರು ಒಪ್ಪಿ, ಅವರಿಗೆ ಬೋಧಿಸಿದರು.

ಶಾಲೆಯ ಬಾಗಿಲು ತೆರೆದಿದ್ದರೆ ಅಲ್ಲಿಗೇ ಕಳುಹಿಸಿ. ಅದು ಸಾಧ್ಯವೇ ಇಲ್ಲವೆಂದಾದರೆ ಮನೆಶಿಕ್ಷಣವನ್ನು ಅದರ ಪೂರ್ಣ ಹೊಣೆಯೊಂದಿಗೆ ಹೊತ್ತುಕೊಳ್ಳಿ. ಕೇಂದ್ರ ಸರ್ಕಾರದ ಅಧೀನದಲ್ಲಿರುವ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯಲ್ಲಿ (ಎನ್‌ಐಓಎಸ್) 14 ತುಂಬಿದವರು ಹತ್ತನೆಯ ತರಗತಿಗೆ ಹೆಸರು ನೋಂದಾಯಿಸಬಹುದು. ನೋಂದಣಿ ಐದು ವರ್ಷ ಊರ್ಜಿತ. ಪರೀಕ್ಷೆ ವರ್ಷಕ್ಕೆ ಎರಡು ಬಾರಿ. ಒಂದೇ ಸಲ ಎಲ್ಲ ವಿಷಯಗಳನ್ನೂ ಮುಗಿಸಲೇಬೇಕೆಂದಿಲ್ಲ. ಅನಂತರ ಹನ್ನೆರಡನೆಯ ತರಗತಿಯನ್ನೂ ಅಲ್ಲೇ ಓದಬಹುದು. ನೋಂದಣಿ, ದಿನಕ್ಕೆ ನಿಗದಿತ ಗಂಟೆಗಳು, ಪಾಠ ಹೇಳುವ ಒಬ್ಬ ಬಲ್ಲವರು: ಈ ಮೂರೂ ಇಲ್ಲದಿದ್ದರೆ ಮನೆಶಿಕ್ಷಣದ ಹೆಸರೆತ್ತಬೇಡಿ.

ಜಮಾಅತ್ ಕಮಿಟಿಗಳಿಗೂ ನಮ್ಮದೊಂದು ಮಾತು. ಶಾದಿಮಹಲಿಗೆ ಹೊಸ ಮಹಡಿ ಕಟ್ಟಿಸುವ ಮುನ್ನ ಒಂದು ಕೋಣೆಯನ್ನು ಈ ಹುಡುಗಿಯರ ಓದಿಗೆ ಬಿಟ್ಟುಕೊಡಿ. ಪದವಿ ಪಡೆದು ಮನೆಯಲ್ಲಿರುವ ಸಹೋದರಿಯರು ಪ್ರತಿ ಊರಿನಲ್ಲೂ ಇದ್ದಾರೆ. ಗೌರವಧನ ಕೊಟ್ಟು ಅವರನ್ನು ಕರೆಯಿರಿ. ಬಡ ಹುಡುಗಿಯ ಪರೀಕ್ಷಾ ಶುಲ್ಕವನ್ನು ಬೈತುಲ್‌ಮಾಲ್ ಭರಿಸಲಿ.

2009ರ ಶಿಕ್ಷಣ ಹಕ್ಕು ಕಾಯಿದೆ 6ರಿಂದ 14 ವರ್ಷದ ಮಕ್ಕಳನ್ನಷ್ಟೇ ಕಾಯುತ್ತದೆ. ಹದಿನೈದರ ಮಗಳನ್ನು ಓದು ಬಿಡಿಸಿ ಕೂರಿಸಿದರೆ ಆ ಕಾಯಿದೆ ನಮ್ಮನ್ನು ಕೇಳುವುದಿಲ್ಲ. ಆದರೆ ಮಕ್ಕಳು ನಮ್ಮ ಕೈಯಲ್ಲಿರುವ ಅಮಾನತ್ತು. ಒಪ್ಪಿಸಿದವನು ಲೆಕ್ಕ ಕೇಳುವ ದಿನ "ಮನೆಯಲ್ಲೇ ಓದಿಸುತ್ತಿದ್ದೆವು" ಎಂಬ ಮಾತಿಗೆ ಆ ಮಗಳೇ ಸಾಕ್ಷಿಯಾಗಿ ನಿಲ್ಲುವಳು.