ಮನೆಯ ತಾಯಿಗೆ ಬಿಡುವು ಕೊಡುವವರು ಯಾರು?

ಆರೋಗ್ಯದ ಕುರಿತ ಉಪದೇಶಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ಬೆಳಿಗ್ಗೆ ನಡೆಯಿರಿ, ಸಕ್ಕರೆ ಕಡಿಮೆ ಮಾಡಿ, ಹೊತ್ತಿಗೆ ಸರಿಯಾಗಿ ಉಣ್ಣಿ, ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸಿ ಎಂದು ವೈದ್ಯರು ಹೇಳುತ್ತಾರೆ, ಪತ್ರಿಕೆಗಳು ಬರೆಯುತ್ತವೆ, ಈಗೀಗ ಕೆಲವು ಖತೀಬರೂ ಜುಮಾ ಖುತ್ಬಾದಲ್ಲಿ ಪ್ರಸ್ತಾಪಿಸುತ್ತಾರೆ. ಕೇಳುವವರ ಉತ್ತರವೂ ಸಿದ್ಧವಾಗಿರುತ್ತದೆ: ಪುರುಸೊತ್ತಿಲ್ಲ. ಅಂಗಡಿ ಇಟ್ಟವರಿಗೆ ಪುರುಸೊತ್ತಿಲ್ಲ, ಗಲ್ಫ್‌ನಲ್ಲಿ ದುಡಿಯುವವರಿಗೆ ಪುರುಸೊತ್ತಿಲ್ಲ, ಆಟೋ ಓಡಿಸುವವರಿಗೆ ಪುರುಸೊತ್ತಿಲ್ಲ. ಇದನ್ನು ಸೋಮಾರಿತನದ ನೆಪವೆಂದು ತಳ್ಳಿಹಾಕುವುದು ಸುಲಭ. ಹಾಗೆ ತಳ್ಳಿಹಾಕುವುದು ನ್ಯಾಯವೂ ಅಲ್ಲ. ಆದರೆ ಪುರುಸೊತ್ತಿಲ್ಲ ಎಂಬ ಈ ಮಾತನ್ನು ಬಾಯಿಬಿಟ್ಟು ಹೇಳಲಿಕ್ಕೂ ಅವಕಾಶವಿಲ್ಲದ ಒಬ್ಬರು ನಮ್ಮ ಮನೆಗಳಲ್ಲಿದ್ದಾರೆ. ಅವರು ಆ ಮನೆಯ ತಾಯಿ.

ಕೇಂದ್ರ ಸರಕಾರದ ಅಂಕಿಅಂಶ ಸಚಿವಾಲಯವು ನಡೆಸಿದ 2024ರ ಸಮಯ ಬಳಕೆ ಸಮೀಕ್ಷೆಯನ್ನು ನೋಡಿರಿ. ಸಂಬಳವಿಲ್ಲದ ಮನೆಗೆಲಸಕ್ಕೆ ಮಹಿಳೆ ದಿನವೊಂದಕ್ಕೆ ಸರಾಸರಿ 289 ನಿಮಿಷ ವ್ಯಯಿಸಿದರೆ ಪುರುಷ 88 ನಿಮಿಷ ವ್ಯಯಿಸುತ್ತಾನೆ. ಅದೂ ಮನೆಗೆಲಸಕ್ಕೆ ಕೈಹಾಕುವ ಪುರುಷರ ಲೆಕ್ಕ ಮಾತ್ರ. ಕೈಯನ್ನೇ ಹಾಕದವರು ಈ ಸರಾಸರಿಯಲ್ಲಿ ಸೇರಿಲ್ಲ. ಮಕ್ಕಳ ಮತ್ತು ವೃದ್ಧರ ಆರೈಕೆಯ ಹೊತ್ತೂ ಇದರಲ್ಲಿಲ್ಲ. ಇದು ದೇಶದ ಎಲ್ಲ ಧರ್ಮೀಯರ ಲೆಕ್ಕ ಎಂಬುದು ನಿಜ. ನಮ್ಮ ಮನೆಗಳು ಇದಕ್ಕಿಂತ ಭಿನ್ನವೆಂದು ವಾದಿಸುವವರು ದಯವಿಟ್ಟು ಒಮ್ಮೆ ಅಡುಗೆ ಕೋಣೆಗೆ ಹೋಗಿ ವಿಚಾರಿಸಿಕೊಂಡು ಬರಲಿ.

ಫಜ್ರ್‌ಗಿಂತ ಮುಂಚೆ ಆರಂಭವಾಗುವ ಆಕೆಯ ದಿನದಲ್ಲಿ ಮದ್ರಸಾಕ್ಕೆ ಹೋಗುವ ಮಕ್ಕಳ ಚಹಾ, ಶಾಲೆಗೆ ಹೋಗುವವರ ಬುತ್ತಿ, ಅತ್ತೆಯವರ ಮಾತ್ರೆ, ಹೇಳದೆ ಬರುವ ಅತಿಥಿಗಳ ಸತ್ಕಾರ ಎಲ್ಲದಕ್ಕೂ ಹೊತ್ತಿದೆ. ಕರಾವಳಿಯ ಎಷ್ಟೋ ಮನೆಗಳಲ್ಲಿ ಇವುಗಳ ನಡುವೆಯೇ ಆಕೆ ಮೊರ ಮಡಿಲಿಗೆಳೆದುಕೊಂಡು ಬೀಡಿಯನ್ನೂ ಕಟ್ಟುತ್ತಾಳೆ. ಅಂಗಡಿ ಮುಚ್ಚಿ, ಇಶಾ ನಮಾಝ್ ಮುಗಿಸಿ, ಗೆಳೆಯರೊಂದಿಗೆ ಚುನಾವಣೆಯ ಸೋಲು ಗೆಲುವುಗಳನ್ನು ಚರ್ಚಿಸಿ ಮನೆಗೆ ಬರುವ ಗಂಡಸರಿಗೆ ರಾತ್ರಿ ಹತ್ತೂವರೆಗೆ ಬಿಸಿ ಊಟ ಬೇಕು. ಆ ಬಳಿಕ ಆಕೆಯ ಊಟ. ಅನ್ನ ವ್ಯರ್ಥವಾಗಬಾರದೆಂದು ಉಳಿದುದನ್ನೂ ಆಕೆಯೇ ಉಣ್ಣುತ್ತಾಳೆ. ಮಧುಮೇಹವಿರುವ ಈ ತಾಯಿಗೆ ಹೊತ್ತಿಗೆ ಸರಿಯಾಗಿ ಮಿತವಾಗಿ ಉಣ್ಣಬೇಕೆಂದು ವೈದ್ಯರು ಬರೆದುಕೊಟ್ಟ ಚೀಟಿಯನ್ನು ಮನೆಯಲ್ಲಿ ಓದಿದವರು ಯಾರು?

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವು ದೇಶದಲ್ಲಿ 10 ಕೋಟಿಗೂ ಹೆಚ್ಚು ಮಂದಿಗೆ ಮಧುಮೇಹವಿದೆಯೆಂದೂ ಇನ್ನೂ 13 ಕೋಟಿಗೂ ಹೆಚ್ಚು ಮಂದಿ ಅದರ ಹೊಸ್ತಿಲಲ್ಲಿದ್ದಾರೆಂದೂ ಅಂದಾಜಿಸಿದೆ. ಈ ರೋಗವಾಗಲಿ ರಕ್ತದೊತ್ತಡವಾಗಲಿ ಆರಂಭದಲ್ಲಿ ನೋವು ಕೊಡುವುದಿಲ್ಲ. ನೋವಿಲ್ಲದ ಕಾಯಿಲೆಗೆ ಗಡಿಬಿಡಿಯ ಮನೆಯಲ್ಲಿ ಸರದಿ ಬರುವುದಿಲ್ಲ. ಕಣ್ಣು ಮಂಜಾದಾಗ, ಕಾಲಿನ ಗಾಯ ಮಾಯದಿದ್ದಾಗ, ಮೂತ್ರಪಿಂಡ ಸೋತಾಗ ಎಲ್ಲರೂ ಎಚ್ಚರಗೊಳ್ಳುತ್ತಾರೆ. ಡಯಾಲಿಸಿಸ್ ಆರಂಭವಾಯಿತೆಂದರೆ ವಾರಕ್ಕೆ ಎರಡು ಮೂರು ಬಾರಿ, ಪ್ರತಿಬಾರಿಯೂ ಸುಮಾರು ನಾಲ್ಕು ತಾಸು ಆಸ್ಪತ್ರೆಯ ಹಾಸಿಗೆಯಲ್ಲಿ ಕಳೆಯಬೇಕು. ಕರೆದೊಯ್ಯಲು ಮಗನೊಬ್ಬ ಅಂಗಡಿ ಬಿಡಬೇಕು. ದಿನಕ್ಕೆ ಅರ್ಧ ತಾಸು ಸಿಗದಿದ್ದ ಮನೆಯಲ್ಲಿ ಈಗ ವಾರಕ್ಕೆ ಹನ್ನೆರಡು ತಾಸು ಸಿಗುತ್ತದೆ. ಜುಮಾದ ನಂತರ ನೆರವಿನ ಮನವಿ ಓದಲಾಗುತ್ತದೆ, ಜನ ಕೈಲಾದಷ್ಟು ಕೊಡುತ್ತಾರೆ. ಸಮುದಾಯದ ಈ ಔದಾರ್ಯ ದೊಡ್ಡದು. ಆದರೆ ಅದು ತಲಪುವಾಗ ತಡವಾಗಿರುತ್ತದೆ.

ಶರೀರಕ್ಕೂ ನಮ್ಮ ಮೇಲೆ ಹಕ್ಕಿದೆ ಎಂಬ ಇಸ್ಲಾಮಿನ ಬೋಧನೆಯನ್ನು ವಿವರಿಸುವಾಗ ಹ. ಸಲ್ಮಾನ್ ಫಾರಿಸಿ(ರ) ಮತ್ತು ಹ. ಅಬೂ ದರ್ದಾಅ್(ರ)ರ ಘಟನೆಯನ್ನು ಉಲ್ಲೇಖಿಸುವುದು ವಾಡಿಕೆ. ಸಹೀಹ್ ಬುಖಾರಿಯಲ್ಲಿರುವ ಈ ಘಟನೆಯಲ್ಲಿ ಅಬೂ ದರ್ದಾಅ್ ಹಗಲು ಐಚ್ಛಿಕ ಉಪವಾಸ, ರಾತ್ರಿ ನಮಾಝ್‌ಗಳಲ್ಲಿ ಮುಳುಗಿದ್ದರು. ಅತಿಥಿಯಾಗಿ ಬಂದ ಸಲ್ಮಾನ್ ಅವರಿಗೆ ಉಣಿಸಿದರು, ಮಲಗಿಸಿದರು, ರಾತ್ರಿಯ ಕೊನೆಯ ಭಾಗದಲ್ಲಿ ಎಬ್ಬಿಸಿ ಜತೆಗೆ ನಮಾಝ್ ಮಾಡಿದರು. ಪ್ರವಾದಿವರ್ಯರು(ಸ) ಸಲ್ಮಾನ್‌ರ ಮಾತನ್ನು ಸರಿಯೆಂದರು. ಇಷ್ಟನ್ನು ನಾವೆಲ್ಲ ಕೇಳಿದ್ದೇವೆ. ಆದರೆ ಆ ಘಟನೆ ಆರಂಭವಾದದ್ದು ಎಲ್ಲಿಂದ? ಸಲ್ಮಾನ್ ಮೊದಲು ಗಮನಿಸಿದ್ದು ಅಬೂ ದರ್ದಾಅ್‌ರನ್ನಲ್ಲ. ತನ್ನ ಬಗ್ಗೆ ತಾನೇ ನಿರಾಸಕ್ತಳಾಗಿ ಮಾಸಿದ ಉಡುಪಿನಲ್ಲಿದ್ದ ಆ ಮನೆಯ ಗೃಹಿಣಿಯನ್ನು. ಏಕೆ ಹೀಗಿರುವಿರಿ ಎಂದು ವಿಚಾರಿಸಿದ ನಂತರವೇ ಉಳಿದುದೆಲ್ಲ ನಡೆಯಿತು. ಶರೀರದ ಹಕ್ಕಿನೊಂದಿಗೆ ಮನೆಯವರ ಹಕ್ಕನ್ನೂ ಸಲ್ಮಾನ್ ಅಂದು ನೆನಪಿಸಿದ್ದರು. ಆ ಭಾಗವನ್ನು ನಮ್ಮ ಭಾಷಣಗಳು ಬೇಗನೆ ದಾಟಿಬಿಡುತ್ತವೆ.

ಪ್ರವಾದಿವರ್ಯರು(ಸ) ಮನೆಯಲ್ಲಿ ಏನು ಮಾಡುತ್ತಿದ್ದರೆಂದು ಕೇಳಿದಾಗ ಹ. ಆಯಿಶಾ(ರ) ಕೊಟ್ಟ ಉತ್ತರವೂ ಬುಖಾರಿಯಲ್ಲಿದೆ. ಅವರು ಮನೆಯವರ ಕೆಲಸದಲ್ಲಿ ನೆರವಾಗುತ್ತಿದ್ದರು, ನಮಾಝ್‌ನ ಹೊತ್ತಾದಾಗ ಹೊರಡುತ್ತಿದ್ದರು. ಒಂದು ರಾಷ್ಟ್ರದ ಹೊಣೆ ಹೊತ್ತವರಿಗೆ ಸಿಕ್ಕಿದ ಪುರುಸೊತ್ತು ಪಟ್ಟಣದ ಬಟ್ಟೆ ವ್ಯಾಪಾರಿಗೆ ಸಿಗುವುದಿಲ್ಲವೇ? ಅವರು ಆಯಿಶಾರೊಂದಿಗೆ ಓಟದ ಪಂದ್ಯವನ್ನೂ ಆಡಿದ್ದರೆಂದು ಅಬೂ ದಾವೂದ್ ವರದಿ ಮಾಡಿದ್ದಾರೆ. ಇಂದು ಮಹಿಳೆಯೊಬ್ಬಳು ಬುರ್ಖಾ ಧರಿಸಿ ಬೆಳಿಗ್ಗೆ ರಸ್ತೆಯಲ್ಲಿ ವೇಗವಾಗಿ ನಡೆದರೆ ಹುಬ್ಬೇರಿಸುವವರು ನಮ್ಮ ನಡುವೆಯೇ ಇದ್ದಾರೆ.

ನಡೆಯಲು ಜಾಗವಾದರೂ ಎಲ್ಲಿದೆ ಎಂಬುದು ಬೇರೆ ಪ್ರಶ್ನೆ. ಮುಸ್ಲಿಮರು ಹೆಚ್ಚಿರುವ ಪ್ರದೇಶಗಳು ಮೂಲ ಸೌಕರ್ಯಗಳಲ್ಲಿ ಹಿಂದುಳಿದಿರುವುದನ್ನು 2006ರಲ್ಲೇ ಸಾಚಾರ್ ವರದಿ ದಾಖಲಿಸಿತ್ತು. ಮತ ಕೇಳಲು ನಮ್ಮ ಮೊಹಲ್ಲಾಗಳಿಗೆ ಬರುವವರಲ್ಲಿ ನಾವು ಚರಂಡಿ ಕೇಳುತ್ತೇವೆ, ಕಬರಸ್ತಾನಕ್ಕೆ ಆವರಣ ಗೋಡೆ ಕೇಳುತ್ತೇವೆ. ಮಹಿಳೆಯರು ನಿರ್ಭೀತಿಯಿಂದ ನಡೆಯಬಹುದಾದ ಒಂದು ಪಾರ್ಕನ್ನು ಕೇಳಿದ್ದೇವೆಯೇ? ಮೂವತ್ತು ದಾಟಿದವರಿಗೆ ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಮಧುಮೇಹ, ರಕ್ತದೊತ್ತಡದ ತಪಾಸಣೆ ಉಚಿತ. ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರಿನ ತಪಾಸಣೆಯೂ ಅದೇ ಕಾರ್ಯಕ್ರಮದಲ್ಲಿದೆ. ರಾಜ್ಯದ ಪಟ್ಟಣಗಳಲ್ಲಿ 2022ರಿಂದ ನಮ್ಮ ಕ್ಲಿನಿಕ್‌ಗಳೂ ಬಂದಿವೆ. ಕೂಲಿ ಮಾಡುವವರಿಗೂ ಮನೆಯೊಡತಿಯರಿಗೂ ಹಗಲಿನ ವೇಳೆ ಅನುಕೂಲವಲ್ಲದಿದ್ದರೆ ಸಂಜೆ ವೈದ್ಯರು ಲಭ್ಯರಿರಬೇಕೆಂದು ಒತ್ತಾಯಿಸುವುದು ಜಮಾಅತ್ ಕಮಿಟಿಗಳ ಕೆಲಸ. ಸನ್ಮಾನ ಸಮಾರಂಭಗಳಿಗೆ ಶಾಸಕರನ್ನು ಕರೆಯುವಾಗ ಈ ಮನವಿಯನ್ನೂ ಕೈಗಿಡಬಹುದು.

ರಮಝಾನ್‌ನ ವಿಚಾರವನ್ನು ಪ್ರತ್ಯೇಕವಾಗಿ ಹೇಳಬೇಕು. ರೋಗಿಗಳಿಗೆ ಕುರ್‌ಆನ್ ಸ್ಪಷ್ಟ ರಿಯಾಯಿತಿ ನೀಡಿದೆ. ಆದರೂ ಇನ್ಸುಲಿನ್ ತೆಗೆದುಕೊಳ್ಳುವ ಎಷ್ಟೋ ತಾಯಂದಿರು ಯಾರನ್ನೂ ಕೇಳದೆ ಉಪವಾಸ ಹಿಡಿದು, ಅಸರ್‌ನಿಂದ ಮಗ್‌ರಿಬ್‌ವರೆಗೆ ಎಣ್ಣೆ ಬಾಣಲೆಯ ಮುಂದೆ ನಿಲ್ಲುತ್ತಾರೆ. ಉಪವಾಸ ಹಿಡಿಯಬಹುದೇ, ಹಿಡಿದರೆ ಔಷಧದ ಹೊತ್ತು ಮತ್ತು ಪ್ರಮಾಣವೇನು ಎಂಬುದನ್ನು ರಮಝಾನ್‌ಗೆ ಆರರಿಂದ ಎಂಟು ವಾರ ಮುಂಚೆಯೇ ವೈದ್ಯರೊಂದಿಗೆ ಚರ್ಚಿಸಬೇಕೆಂದು ತಜ್ಞರು ಹೇಳುತ್ತಾರೆ. ಬೆರಳು ಚುಚ್ಚಿ ಸಕ್ಕರೆ ಪರೀಕ್ಷಿಸುವುದರಿಂದ ಉಪವಾಸ ಭಂಗವಾಗುವುದಿಲ್ಲವೆಂಬುದು ಹೆಚ್ಚಿನ ಉಲಮಾಗಳ ಅಭಿಪ್ರಾಯ. ಇಫ್ತಾರ್‌ಗೆ ಆರು ಬಗೆಯ ತಿಂಡಿ ಬೇಕೆಂಬುದು ಮಾತ್ರ ಯಾವ ಇಮಾಮರ ಅಭಿಪ್ರಾಯವೂ ಅಲ್ಲ.

ಇನ್ನು ರಕ್ತ ಪರೀಕ್ಷೆ. ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಬೇಕಾದ್ದರಿಂದ ಬೆಳಿಗ್ಗೆ ಬೇಗನೆ ಪ್ರಯೋಗಾಲಯಕ್ಕೆ ಹೋಗಬೇಕು. ಮನೆಯಲ್ಲಿ ಅದೇ ಅತ್ಯಂತ ಗಡಿಬಿಡಿಯ ಹೊತ್ತು. ಎಲ್ಲರಿಗೂ ತಿಂಡಿ ಕೊಟ್ಟು ಮುಗಿಸುವಷ್ಟರಲ್ಲಿ ಹತ್ತು ದಾಟುತ್ತದೆ. ತಲೆ ಸುತ್ತಿ ಒಂದು ತುಂಡು ರೊಟ್ಟಿ ತಿಂದಿರುತ್ತಾಳೆ. ಪರೀಕ್ಷೆ ಮುಂದಿನ ವಾರಕ್ಕೆ ಹೋಗುತ್ತದೆ, ಆಮೇಲೆ ಮುಂದಿನ ತಿಂಗಳಿಗೆ. ಬರುವ ಭಾನುವಾರ ಆಕೆಯನ್ನು ಏಳೂವರೆಗೇ ಕರೆದುಕೊಂಡು ಹೋಗಿರಿ. ಅಂದು ಬೆಳಿಗ್ಗೆ ಚಹಾ ಕಾಯಿಸುವವರು ಯಾರು, ರೊಟ್ಟಿ ಸುಡುವವರು ಯಾರು ಎಂಬುದನ್ನು ಶನಿವಾರ ರಾತ್ರಿಯೇ ಗಂಡನೂ ಮಕ್ಕಳೂ ತೀರ್ಮಾನಿಸಿಕೊಳ್ಳಲಿ.